ಎರಡೇ ಊರಿನ ಯುರೋಪು

ಕಳೆದ ಏಪ್ರಿಲ್‌ನಲ್ಲಿ ಬಿ.ಸಿ.ರೋಡಿನಲ್ಲಿ ಬಸ್ಸು ಬದಲಿಸಲು ಇಳಿದವಳು ಬಿಸಿಲು ತಡೆಯಲಾರದೆ ಒಂದು ಅಂಗಡಿಯ ನೆರಳಿಗೆ ಹೋಗಿ ನಿಂತೆ. ಪ್ರವಾಸ ಏರ್ಪಡಿಸುವವರ ಅಂಗಡಿ ಅದು. ಗಾಜಿನ ಬಾಗಿಲಿಗೆ ಅಂಟಿಸಿದ್ದ ಚಿತ್ರದಲ್ಲಿ ಹಿಮದ ಬೆಟ್ಟ, ಬುಡದಲ್ಲಿ ನೀಲಿ ಸರೋವರ, ಅದರ ಕೆಳಗೆ ‘ಹತ್ತು ದಿನ, ಏಳು ದೇಶ’ ಎಂದು ದಪ್ಪ ಅಕ್ಷರ. ಒಳಗಿದ್ದ ಹುಡುಗಿ ನನ್ನನ್ನು ಕಂಡು, ಬನ್ನಿ ಅಮ್ಮ, ಫ್ಯಾನಿನ ಅಡಿಯಲ್ಲಿ ಕೂತ್ಕೊಳ್ಳಿ ಎಂದು ಕರೆದಳು. ಕೂತ ಮೇಲೆ ಯುರೋಪಿನ ವಿವರ ಹೇಳತೊಡಗಿದಳು. ಪ್ಯಾರಿಸ್ ಒಂದು ದಿನ, ರೋಮ್ ಅರ್ಧ ದಿನ, ಸ್ವಿಸ್ ಬೆಟ್ಟಕ್ಕೆ ಬೆಳಿಗ್ಗೆ ಹೋಗಿ ಮಧ್ಯಾಹ್ನ ವಾಪಸು. ಒಂದೇ ಊರಿನಲ್ಲಿ ಮೂರು ವಾರ ಕೂರುವಂಥ ಟೂರು ಇಲ್ಲವೇ ಎಂದು ಕೇಳಿದೆ. ಅವಳಿಗೆ ನಗು ಬಂತು. “ಮೂರು ವಾರ ಒಂದೇ ಕಡೆ ಕೂತು ಎಂತ ಮಾಡುದು ಅಮ್ಮ?”

ಅಷ್ಟರಲ್ಲಿ ನನ್ನ ಬಸ್ಸು ಬಂತು. ಸಿದ್ಧಕಟ್ಟೆ ದಾಟಿ ಮೂಡುಬಿದಿರೆ ತಲುಪುವವರೆಗೂ ನೇಮಿರಾಜ ಮಾಸ್ಟ್ರು ಮತ್ತು ರಾಜಮತಿಯಕ್ಕ ನನ್ನ ಪಕ್ಕದ ಸೀಟಿನಲ್ಲೇ ಕೂತಿದ್ದ ಹಾಗಿತ್ತು.

ಅರವತ್ತರ ದಶಕದ ಆರಂಭದ ಒಂದು ವರ್ಷದ ಮಾತು. ನನಗಾಗ ಇಪ್ಪತ್ತು. ಎಸ್ಸೆಸ್ಸೆಲ್ಸಿ ಮುಗಿಸಿ, ಟೈಪಿಂಗ್ ಪರೀಕ್ಷೆಯನ್ನೂ ಪಾಸು ಮಾಡಿ, ಸರಕಾರಿ ಕೆಲಸದ ಕಾಗದಕ್ಕೆ ಕಾಯುತ್ತ ಮೂಡುಬಿದಿರೆಯ ಮನೆಯಲ್ಲಿದ್ದೆ. ಅಪ್ಪ ಬಸ್‌ಸ್ಟ್ಯಾಂಡಿನಲ್ಲಿ ಒಂದು ಖಾಸಗಿ ಬಸ್ಸಿನ ಏಜೆಂಟರು. ಬಂಟ್ವಾಳಕ್ಕೆ ಎಷ್ಟು ಹೊತ್ತಿಗೆ, ವೇಣೂರಿಗೆ ಎಷ್ಟು ಹೊತ್ತಿಗೆ ಎಂಬುದೆಲ್ಲ ನಮ್ಮ ಮನೆಯಲ್ಲಿ ಮಗ್ಗಿಯ ಹಾಗೆ ಎಲ್ಲರಿಗೂ ಬಾಯಿಪಾಠ. ಮಳೆಗಾಲ ಶುರುವಾದ ಒಂದು ಬೆಳಿಗ್ಗೆ ನೇಮಿರಾಜ ಮಾಸ್ಟ್ರು ಕೊಡೆ ಮಡಚುತ್ತ ಅಪ್ಪನಲ್ಲಿಗೆ ಬಂದು, ನಿಮ್ಮ ಮಗಳಿಗೆ ಇಂಗ್ಲಿಷ್ ಟೈಪಿಂಗ್ ಬರುತ್ತದಲ್ಲ, ನನಗೆ ಸ್ವಲ್ಪ ಕಾಗದಪತ್ರದ ಕೆಲಸ ಉಂಟು ಎಂದರು. ಅವರು ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಭೂಗೋಳ ಕಲಿಸಿ ಆಗಷ್ಟೇ ನಿವೃತ್ತರಾಗಿದ್ದರು. ನನಗೂ ಅವರೇ ಕಲಿಸಿದ್ದು. ಅಪ್ಪ ಇಲ್ಲ ಎನ್ನುವ ಪ್ರಶ್ನೆಯೇ ಇರಲಿಲ್ಲ.

ಕಾಗದಪತ್ರದ ಕೆಲಸ ಎಂದರೆ ಯುರೋಪಿಗೆ ಹೋಗುವ ಕೆಲಸ. ಅದನ್ನು ಅವರು ಎಷ್ಟು ಸಾಮಾನ್ಯವಾಗಿ ಹೇಳಿದರೆಂದರೆ, ಕಾರ್ಕಳಕ್ಕೆ ಹೋಗುವುದಾಗಿ ಹೇಳಿದ ಹಾಗಿತ್ತು. ಮಂಗಳೂರಿನ ಒಂದು ಆಸ್ಪತ್ರೆಯಲ್ಲಿ ಹಿಂದೆ ಮಾರ್ಥಾ ಎಂಬ ಸ್ವಿಸ್ ನರ್ಸಮ್ಮ ಕೆಲಸ ಮಾಡುತ್ತಿದ್ದರು. ರಜೆಯಲ್ಲಿ ಮೂಡುಬಿದಿರೆಯ ಬಸದಿ ನೋಡಲು ಬಂದಾಗ ಮಾಸ್ಟ್ರು ಒಂದೊಂದು ಕಂಬವನ್ನೂ ತೋರಿಸಿಕೊಂಡು ಮೂರು ದಿನ ಜೊತೆಗೆ ತಿರುಗಿದ್ದರು. ಊರಿಗೆ ಮರಳಿದ ಮೇಲೂ ಆಕೆ ವರ್ಷಕ್ಕೊಂದು ಕಾಗದ ಬರೆಯುತ್ತಿದ್ದರು. ಆ ಕಾಲದಲ್ಲಿ ಬರೀ ತಿರುಗಾಟಕ್ಕೆ ಅಂತ ಸರಕಾರ ಯಾರನ್ನೂ ಸುಲಭವಾಗಿ ಹೊರದೇಶಕ್ಕೆ ಕಳಿಸುತ್ತಿರಲಿಲ್ಲ. ಅಲ್ಲಿ ಉಳಿಸಿಕೊಂಡು ನೋಡಿಕೊಳ್ಳುವವರು ಇರಬೇಕಿತ್ತು. ಮಾರ್ಥಾ ಒಪ್ಪಿದ್ದರು. ಸರೋವರದ ದಂಡೆಯ ನಮ್ಮ ಹಳ್ಳಿಯಲ್ಲಿ ಎಷ್ಟು ದಿನ ಬೇಕಾದರೂ ಇರಿ, ರೈನ್ ನದಿಯ ಪಕ್ಕದ ಚಿಕ್ಕ ಪೇಟೆಯೊಂದರಲ್ಲಿ ನನ್ನ ಅಕ್ಕ ಇದ್ದಾಳೆ, ಅಲ್ಲಿಯೂ ಇರಬಹುದು ಎಂದು ಬರೆದಿದ್ದರು. ಜೊತೆಗೆ ಇಟ್ಟಿಗೆಯಷ್ಟು ದಪ್ಪದ ರೈಲ್ವೆ ವೇಳಾಪಟ್ಟಿಯೊಂದನ್ನು ಅಂಚೆಯಲ್ಲಿ ಕಳಿಸಿದ್ದರು.

ಹೀಗೆ ಆ ಮಳೆಗಾಲ ಪೂರ್ತಿ ಮಧ್ಯಾಹ್ನದ ಹೊತ್ತು ನಾನು ಅವರ ಮನೆಯ ಜಗಲಿಯಲ್ಲಿ ಯುರೋಪಿನ ರೈಲುಗಳನ್ನು ಓದುತ್ತ ಕೂತೆ. ಹೊರಗೆ ಅಂಗಳ ತುಂಬಿ ನೀರು ಹರಿಯುತ್ತಿತ್ತು. ನಾನು ಊರಿನ ಹೆಸರು, ಹೊರಡುವ ಗಂಟೆ, ತಲುಪುವ ಗಂಟೆ ಗಟ್ಟಿಯಾಗಿ ಓದುವುದು. ಮಾಸ್ಟ್ರು ಕಣ್ಣು ಮುಚ್ಚಿ ಕೇಳುವುದು. ಅವರ ತಲೆಯೊಳಗೆ ನಕ್ಷೆ ಬಿಚ್ಚಿಕೊಂಡಿರುತ್ತಿತ್ತು. ಇಟಲಿಯ ಜಿನೋವಾದಲ್ಲಿ ಹಡಗು ಇಳಿದರೆ ರೈಲು ಯಾವ ಕಣಿವೆ ಹಿಡಿಯುತ್ತದೆ, ಯಾವ ಬೆಟ್ಟದ ಹೊಟ್ಟೆಯೊಳಗೆ ನುಗ್ಗಿ ಆಚೆ ಬರುತ್ತದೆ ಎಂದು ನನಗೇ ಹೇಳುತ್ತಿದ್ದರು. ಮಾರ್ಥಾ ಅವರ ಹಳ್ಳಿಗೆ ರೈಲು ಇಲ್ಲ, ಟಪ್ಪಾಲು ಹೊರುವ ಹಳದಿ ಬಸ್ಸಿನಲ್ಲೇ ಜನರೂ ಹೋಗುತ್ತಾರೆ ಎಂದು ಗೊತ್ತಾದ ದಿನ ಅಪ್ಪನಿಗೆ ಆದ ಸಂತೋಷ ಅಷ್ಟಿಷ್ಟಲ್ಲ. ನಮ್ಮ ಬಸ್ಸುಗಳೂ ಟಪ್ಪಾಲು ಚೀಲ ಹೊರುತ್ತಿದ್ದವಲ್ಲ. ಹಾಗಾದರೆ ಅವರೂ ನಮ್ಮ ಹಾಗೆಯೇ ಎಂದು ಸ್ಟ್ಯಾಂಡಿನಲ್ಲಿ ಎಲ್ಲರಿಗೂ ಹೇಳಿಕೊಂಡು ಬಂದರು.

ಮಾಸ್ಟ್ರ ಹೆಂಡತಿ ರಾಜಮತಿಯಕ್ಕ ಒಳಬಾಗಿಲಿನ ಹತ್ತಿರ ಹಲಸಿನ ಬೀಜದ ಸಿಪ್ಪೆ ಸುಲಿಯುತ್ತಲೋ ಬತ್ತಿ ಹೊಸೆಯುತ್ತಲೋ ಎಲ್ಲವನ್ನೂ ಕೇಳುತ್ತಿದ್ದರು. ಅವರಿಗೆ ಮಕ್ಕಳಿರಲಿಲ್ಲ. ನಾಲ್ಕನೇ ಕ್ಲಾಸಿನವರೆಗೆ ಕನ್ನಡ ಶಾಲೆ ಅಷ್ಟೇ. ಆದರೆ ಮಾಸ್ಟ್ರು ಅದೇ ಜಗಲಿಯಲ್ಲಿ ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದ್ದನ್ನು ಒಳಗಿನಿಂದ ಕೇಳಿ ಕೇಳಿ ಯುರೋಪಿನ ರಾಜಧಾನಿಗಳೆಲ್ಲ ಅವರ ನಾಲಗೆ ತುದಿಯಲ್ಲಿದ್ದವು. ಅವರ ಚಿಂತೆಗಳು ಬೇರೆ. ಅಲ್ಲಿಯ ಬೇಸಿಗೆ ಎಂದರೆ ನಮ್ಮ ಮಳೆಗಾಲ. ಮಳೆಗಾಲದಲ್ಲಿ ಮನೆ ಬಿಟ್ಟು ಹೋದರೆ ಹಂಚಿನ ಮಾಡು ಸೋರಿದ್ದನ್ನು ಯಾರು ನೋಡುವುದು? ನೀರುಳ್ಳಿ, ಬಟಾಟೆ, ಮೊಟ್ಟೆ ಯಾವುದೂ ಮುಟ್ಟದವರು ಅಲ್ಲಿ ತಿನ್ನುವುದೇನನ್ನು? ಈ ಪಟ್ಟಿಯನ್ನು ನಾನು ಟೈಪು ಮಾಡಿ ಕಳಿಸಿದಾಗ ಮಾರ್ಥಾ, ಬಟಾಟೆ ಬಿಟ್ಟರೆ ನಮ್ಮ ಹಳ್ಳಿಯಲ್ಲಿ ಹುಲ್ಲು ಮಾತ್ರ ಉಳಿಯುತ್ತದೆ ಎಂದು ಉತ್ತರ ಬರೆದರು. ಸೂರ್ಯ ಮುಳುಗಿದ ಮೇಲೆ ಉಣ್ಣದ ಮನೆ ಅವರದು. ಅಲ್ಲಿ ಜೂನ್ ತಿಂಗಳಲ್ಲಿ ರಾತ್ರಿ ಎಂಟರ ಮೇಲೂ ಸೂರ್ಯ ಇರುತ್ತಾನೆ ಎಂದು ಮಾಸ್ಟ್ರು ವಿವರಿಸಿದಾಗ ರಾಜಮತಿಯಕ್ಕ ಹೊಸೆಯುತ್ತಿದ್ದ ಬತ್ತಿಯನ್ನು ಕೆಳಗಿಟ್ಟು, ಹಾಗಾದರೆ ಅಲ್ಲಿಯವರು ಜೈನರಾಗುವುದು ಸುಲಭ ಎಂದರು.

ಜಗಳ ಶುರುವಾದದ್ದು ಊರುಗಳ ವಿಷಯದಲ್ಲಿ. ಮಾಸ್ಟ್ರ ಯೋಜನೆಯಲ್ಲಿ ಇದ್ದದ್ದು ಎರಡೇ ಊರು. ಸರೋವರದ ಹಳ್ಳಿಯಲ್ಲಿ ಮೂರು ವಾರ, ರೈನ್ ನದಿಯ ಪೇಟೆಯಲ್ಲಿ ಎರಡು ವಾರ. ನಡುವೆ ಹಗಲಿನ ರೈಲು, ಬಸ್ಸು. ರಾಜಮತಿಯಕ್ಕನಿಗೆ ಅದು ಅರ್ಥವೇ ಆಗಲಿಲ್ಲ.

“ಜನ್ಮದಲ್ಲಿ ಒಂದು ಸಲ ಹೋಗುದು. ಅದೂ ಎರಡು ಊರು ನೋಡ್ಲಿಕ್ಕಾ? ಪ್ಯಾರಿಸ್ ಬೇಡ್ವಾ, ರೋಮ್ ಬೇಡ್ವಾ?” ಎಂದು ಕೇಳಿದರು.

“ನಿಧಾನ ನೋಡುವ,” ಎಂದರು ಮಾಸ್ಟ್ರು. “ಓಡಿದರೆ ಎಂತದೂ ಕಾಣುದಿಲ್ಲ.”

ಅವರು ಅದಕ್ಕಿಂತ ಹೆಚ್ಚು ಹೇಳುತ್ತಿರಲಿಲ್ಲ. ರಾಜಮತಿಯಕ್ಕ ನನ್ನನ್ನು ಅಡುಗೆಮನೆಗೆ ಕರೆದು ಕಷಾಯ ಕೊಟ್ಟು, ಇವರಿಗೆ ನನ್ನ ಆಸೆ ಎಂದರೆ ಲೆಕ್ಕವೇ ಇಲ್ಲ ಎಂದು ಬೇಸರ ಮಾಡಿಕೊಳ್ಳುತ್ತಿದ್ದರು. ಒಂದು ದಿನ, ನೀನೇ ಆ ಪುಸ್ತಕ ನೋಡಿ ಆರು ಊರು ಸೇರುವ ಹಾಗೆ ಇನ್ನೊಂದು ದಾರಿ ಮಾಡಿ ಕೊಡು, ಸಮಯ ನೋಡಿ ನಾನು ಅವರ ಹತ್ತಿರ ಮಾತಾಡುತ್ತೇನೆ ಎಂದರು. ನಾನು ಉತ್ಸಾಹದಿಂದ ಒಪ್ಪಿದೆ. ಮಾಸ್ಟ್ರಿಗೆ ಎರಡು ಊರಿನದು, ಅಕ್ಕನಿಗೆ ಆರು ಊರಿನದು, ಹೀಗೆ ಎರಡು ಯುರೋಪುಗಳನ್ನು ಒಂದೇ ಟೈಪ್‌ರೈಟರಿನಲ್ಲಿ ಟೈಪು ಮಾಡತೊಡಗಿದೆ.

ನವರಾತ್ರಿ ಕಳೆದ ಮೇಲೆ ಒಂದು ದಿನ ಅಕ್ಕ ಬಸದಿಗೆ ಹೋಗಿದ್ದರು. ಒಂದು ರೈಲಿನ ಗಂಟೆಯಲ್ಲಿ ನನಗೆ ಸಂಶಯ ಬಂತು. ಪುಸ್ತಕವನ್ನು ಮಾಸ್ಟ್ರ ಕೈಗೆ ಕೊಟ್ಟು, ಇದನ್ನು ನೀವೇ ನೋಡಿ ಹೇಳಿ ಎಂದೆ. ಅವರು ಪುಟವನ್ನು ಮುಖದ ಹತ್ತಿರ ತಂದು ಬೆರಳಿಟ್ಟು ಹುಡುಕಿದರು. ಬೆರಳು ಒಂದು ಸಾಲಿನಿಂದ ಇನ್ನೊಂದಕ್ಕೆ ಜಾರಿತು, ಮತ್ತೆ ಮೇಲಕ್ಕೆ ಹೋಯಿತು. ಪುಸ್ತಕ ಕೆಳಗಿಡಲು ಹೋದಾಗ ಪಕ್ಕದಲ್ಲಿದ್ದ ನೀರಿನ ಲೋಟ ಉರುಳಿತು. ಹಿಂದಿನ ವಾರ ಅರ್ಧ ತೆರೆದ ಬಾಗಿಲಿಗೆ ಅವರು ಹಣೆ ಬಡಿಸಿಕೊಂಡದ್ದು, ನಾನು ಎಡಗಡೆಯಿಂದ ಬಂದರೆ ಬೆಚ್ಚುತ್ತಿದ್ದದ್ದು, ಎಲ್ಲವನ್ನೂ ನನ್ನಿಂದಲೇ ಓದಿಸುತ್ತಿದ್ದದ್ದು ಒಂದೊಂದೇ ನೆನಪಾಯಿತು. ಮಾಸ್ಟ್ರೇ, ನಿಮಗೆ ಕಣ್ಣು ಸರಿ ಕಾಣುವುದಿಲ್ಲವಾ ಎಂದು ಕೇಳಿಬಿಟ್ಟೆ.

ಅವರು ಚೆಲ್ಲಿದ ನೀರನ್ನು ಅಂಗವಸ್ತ್ರದಿಂದ ಒರಸಿದರು. ಆಮೇಲೆ ಹೇಳಿದರು. ಎರಡು ವರ್ಷದ ಹಿಂದೆ ಮಂಗಳೂರಿನ ಕಣ್ಣಿನ ಡಾಕ್ಟರು ನೋಡಿದ್ದರಂತೆ. ಎಡಗಣ್ಣು ಆಗಲೇ ಹೋಗಿತ್ತು. ಬಲಗಣ್ಣಿನಲ್ಲಿ ನಡುವೆ ಮಾತ್ರ ಉಳಿದಿದೆ, ಸುತ್ತಲಿನದು ದಿನದಿಂದ ದಿನಕ್ಕೆ ಮುಚ್ಚಿಕೊಳ್ಳುತ್ತಿದೆ. ಹೋದದ್ದು ಮರಳುವುದಿಲ್ಲ. ಕೊಟ್ಟಿರುವ ಹನಿಮದ್ದು ಉಳಿದದ್ದನ್ನು ಸ್ವಲ್ಪ ಕಾಲ ಹಿಡಿದಿಡಬಹುದು, ಅಷ್ಟೇ. ಮನೆಯಲ್ಲಿ ಅದನ್ನು ಕಣ್ಣುರಿಯ ಮದ್ದು ಎಂದು ಹೇಳಿದ್ದರು.

“ಎದುರಿಗೆ ಒಂದು ತಟ್ಟೆಯಷ್ಟು ಕಾಣ್ತದೆ, ವಾರಿಜ. ಅದರಾಚೆ ಇಲ್ಲ. ಹಾಗೆ ನಿಧಾನ ಅಂತ ಹೇಳುದು. ಒಂದು ಬೆಟ್ಟ ನೋಡ್ಲಿಕ್ಕೆ ನನಗೆ ಎಷ್ಟು ದಿನ ಬೇಕೋ.” ಉರುಳಿದ ಲೋಟವನ್ನು ನೆಟ್ಟಗಿಟ್ಟು, “ಅವಳಿಗೆ ಹೇಳ್ಬೇಡ. ಗೊತ್ತಾದರೆ ಅವಳು ಹೊರಡುದಿಲ್ಲ, ನನ್ನನ್ನೂ ಬಿಡುದಿಲ್ಲ. ಡಾಕ್ಟರು, ಹರಕೆ ಅಂತ ಉಳಿದ ಬೆಳಕೂ ಮುಗಿದು ಹೋಗ್ತದೆ,” ಎಂದರು.

ಹೇಳುವುದಿಲ್ಲ ಎಂದೆ. ಮಾಸ್ಟ್ರು ಕೇಳಿದ್ದಕ್ಕೆ ಇಲ್ಲ ಎನ್ನುವುದು ನನಗೆ ಗೊತ್ತಿರಲಿಲ್ಲ. ಆದರೆ ಮರುದಿನದಿಂದ ಅಕ್ಕ ಅಡುಗೆಮನೆಗೆ ಕರೆದರೆ ಕಷಾಯವನ್ನು ಬೇಗ ಬೇಗ ಕುಡಿದು ಏಳುತ್ತಿದ್ದೆ. ಆರು ಊರಿನ ದಾರಿ ಎಲ್ಲಿಗೆ ಬಂತು ಎಂದು ಅವರು ಕೇಳುವರು. ರೈಲು ಸರಿ ಸಿಗುವುದಿಲ್ಲ ಎಂದು ಒಂದು ಸುಳ್ಳು, ಟೈಪಿನ ರಿಬ್ಬನ್ ಮುಗಿದಿದೆ ಎಂದು ಇನ್ನೊಂದು. ಅವರು ನಂಬುತ್ತಿದ್ದರು. ನಂಬಿ, ಪರವಾಗಿಲ್ಲ ಮಗಾ, ನಿಧಾನ ಮಾಡು ಎನ್ನುತ್ತಿದ್ದರು. ಅದು ಇನ್ನೂ ಕಷ್ಟವಾಗುತ್ತಿತ್ತು.

ತಾಲೀಮಿನ ಯೋಚನೆ ನನ್ನ ಅಪ್ಪನದು. ಅಷ್ಟು ದೂರ ಹೋಗಿ ಬಸ್ಸು, ರೈಲು ಅಂತ ಹತ್ತಿ ಇಳಿಯುವವರು ಮೊದಲು ನಮ್ಮ ಎರಡು ತಾಲೂಕಿನಲ್ಲಿ ಎಂಟು ದಿನ ತಿರುಗಿ ನೋಡಿ, ಎಲ್ಲಿ ಕಷ್ಟ ಆಗುತ್ತದೆ ಅಂತ ತಿಳಿಯುತ್ತದೆ ಎಂದರು. ಅಕ್ಕನಿಗೆ ಇದು ಬಹಳ ಹಿಡಿಸಿತು. ನಿಯಮಗಳನ್ನು ಅವರೇ ಮಾಡಿದರು. ಯಾರ ಕಾರೂ ಹತ್ತುವ ಹಾಗಿಲ್ಲ, ಸಾಮಾನ್ಯರ ಬಸ್ಸೇ ಆಗಬೇಕು. ಒಬ್ಬರಿಗೆ ಒಂದೇ ಚೀಲ. ತಮ್ಮ ಚೀಲ ತಾವೇ ಹೊರಬೇಕು. ಸಂಕ್ರಾಂತಿ ಕಳೆದ ವಾರ ನಾವು ಮೂವರೂ ಹೊರಟೆವು. ನನ್ನನ್ನು ಕರೆದುಕೊಂಡು ಹೋದದ್ದು ಗಂಟೆ ಬರೆದುಕೊಳ್ಳಲು.

ವೇಣೂರು, ಗುರುವಾಯನಕೆರೆ, ಬೆಳ್ತಂಗಡಿ. ಅಲ್ಲಿಂದ ಚಾರ್ಮಾಡಿಯ ದಾರಿಯ ಬಸ್ಸು ಹಿಡಿದು ಕಕ್ಕಿಂಜೆಯಲ್ಲಿ ಇಳಿದು ನೆರಿಯಕ್ಕೆ ನಡೆದೆವು. ಅಲ್ಲಿ ಅಕ್ಕನ ದೊಡ್ಡಮ್ಮನ ಮಗಳ ಮನೆ. ಮಾಸ್ಟ್ರು ಬೆಳಿಗ್ಗೆ ಎದ್ದವರೇ ಹೊಳೆಯ ಬದಿಯ ಬಂಡೆಯ ಮೇಲೆ ಕೂತು ಘಟ್ಟ ನೋಡತೊಡಗಿದರು. ತಲೆಯನ್ನು ಸ್ವಲ್ಪ ಸ್ವಲ್ಪವೇ ತಿರುಗಿಸುತ್ತ, ಮಧ್ಯಾಹ್ನದವರೆಗೆ ಅಲ್ಲಿಂದ ಏಳಲಿಲ್ಲ. ಅಕ್ಕ ಎರಡು ಸಲ ಹೋಗಿ ಕರೆದು ಬಂದರು. ಅದೇ ಘಟ್ಟ, ಎಷ್ಟು ಹೊತ್ತು ನೋಡುವುದು ಎಂದು ನನ್ನ ಹತ್ತಿರ ಗೊಣಗಿದರು. ನಾನು ಬಸ್ಸಿನ ಗಂಟೆ ಬರೆಯತೊಡಗಿದೆ. ವಾಮದಪದವಿನಲ್ಲಿ ಎರಡು ದಿನ ಇದ್ದೆವು. ಅಲ್ಲಿ ಬಸ್ಸು ತಪ್ಪಿ ಮೂರು ಗಂಟೆ ಒಂದು ಅಂಗಡಿಯ ಬೆಂಚಿನ ಮೇಲೆ ಕೂರಬೇಕಾಯಿತು. ಅಕ್ಕ ಅಂಗಡಿಯವನ ಹೆಂಡತಿಯಿಂದ ಹಪ್ಪಳದ ಹೊಸ ಬಗೆ ಕಲಿತರು. ಬಂಟ್ವಾಳಕ್ಕೆ ಬಂದು, ಪಾಣೆಮಂಗಳೂರು ಸಂಕದ ಮೇಲೆ ನೇತ್ರಾವತಿ ದಾಟುವಾಗ ಮಾಸ್ಟ್ರು ರೈನ್ ನದಿಯ ಅಗಲ ಇಲ್ಲಿ ಎಲ್ಲಿಯವರೆಗೆ ಬರುತ್ತದೆ ಎಂದು ಹೇಳಿದರು. ಇಬ್ಬರೂ ಅಷ್ಟು ಹಗುರಾಗಿ ಮಾತಾಡಿದ್ದನ್ನು ನಾನು ಆ ಮೊದಲು ಕಂಡಿರಲಿಲ್ಲ. ಕೊನೆಗೆ ನಾನು ಮುಗಿಸಿ ಕೊಡಲೇಬೇಕಾದ ಆರು ಊರಿನ ಕಾಗದವನ್ನು ಅಕ್ಕ ಚೀಲದಲ್ಲಿ ಇಟ್ಟುಕೊಂಡೇ ಬಂದಿದ್ದರು. ಇನ್ನು ಒಂದೆರಡು ದಿನದಲ್ಲಿ ಕೇಳುತ್ತೇನೆ, ಈಗ ಒಪ್ಪುತ್ತಾರೆ ಎಂದು ನನ್ನ ಕಿವಿಯಲ್ಲಿ ಹೇಳಿದರು.

ಮರುದಿನ ಮಾಣಿಯಲ್ಲಿ ಇಳಿದೆವು. ದೊಡ್ಡ ರಸ್ತೆಗೆ ಕವಲು ಸೇರುವ ಜಾಗ ಅದು. ಆಗಲೇ ಲಾರಿಗಳ ಓಡಾಟ ಜೋರು. ವಾಪಸು ಹೋಗುವ ಬಸ್ಸು ಆಚೆ ಬದಿಯಲ್ಲಿ ನಿಲ್ಲುತ್ತಿತ್ತು. ನಾನು ಚೀಲದ ದಾರ ಕಟ್ಟುತ್ತಿದ್ದೆ. ಮಾಸ್ಟ್ರು ನೆಟ್ಟಗೆ ಎದುರು ನೋಡುತ್ತ ರಸ್ತೆಗೆ ಕಾಲಿಟ್ಟರು. ಎಡಗಡೆಯಿಂದ ಲಾರಿ ಬರುತ್ತಿದ್ದದ್ದು ಅಲ್ಲಿದ್ದವರಿಗೆಲ್ಲ ಕಾಣುತ್ತಿತ್ತು. ಅವರು ನಿಲ್ಲುತ್ತಾರೆ ಎಂದು ಅಕ್ಕ ಎಣಿಸಿದ್ದರು, ನಾನು ತಲೆ ಎತ್ತುವಾಗ ತಡವಾಗಿತ್ತು. ಅವರು ನಿಲ್ಲಲಿಲ್ಲ. ಅಕ್ಕ ಚೀಲ ಬಿಸಾಡಿ ಹಿಂದಿನಿಂದ ಅವರ ಅಂಗಿ ಹಿಡಿದು ಎಳೆದರು. ಬ್ರೇಕಿನ ಸದ್ದಿಗೆ ಹೋಟೆಲಿನಲ್ಲಿದ್ದವರೆಲ್ಲ ಹೊರಗೆ ಬಂದರು. ಇಬ್ಬರೂ ರಸ್ತೆಯ ಬದಿಯ ಮಣ್ಣಿನಲ್ಲಿ ಬಿದ್ದಿದ್ದರು. ಲಾರಿಯ ಚಾಲಕ ತಲೆ ಹೊರಗೆ ಹಾಕಿ ಬೈದ.

“ಕಣ್ಣು ಕಾಣುದಿಲ್ವಾ ಅಜ್ಜ ನಿಮಗೆ?”

ಮಾಸ್ಟ್ರು ಎದ್ದು ಕೂತರು. ಕನ್ನಡಕ ಎಲ್ಲೋ ಹಾರಿತ್ತು. ಕ್ಲಾಸಿನಲ್ಲಿ ಕೇಳಿದ ಪ್ರಶ್ನೆಗೆ ಉತ್ತರ ಕೊಡುವ ಹಾಗೆ ಸ್ಪಷ್ಟವಾಗಿ ಹೇಳಿದರು: “ಇಲ್ಲಪ್ಪ. ಆ ಬದಿ ಕಾಣುದಿಲ್ಲ.”

ಹೋಟೆಲಿನ ಒಳಗೆ ನಮ್ಮನ್ನು ಕೂರಿಸಿ ಯಾರೋ ನೀರು ಕೊಟ್ಟರು. ಅಕ್ಕನ ಮೊಣಕೈ ತರಚಿ ರಕ್ತ ಬಂದಿತ್ತು. ಅದನ್ನು ಅವರು ಗಮನಿಸಲಿಲ್ಲ. ಮಾಸ್ಟ್ರ ಎದುರು ಕೂತು ಕೈಯನ್ನು ಅವರ ಮುಖದ ಎಡಗಡೆ ಹಿಡಿದು, ಇದು ಕಾಣುತ್ತದಾ ಎಂದು ಕೇಳಿದರು. ಇಲ್ಲ. ಬಲಗಡೆ ಹಿಡಿದರು. ಇಲ್ಲ. ಕೈಯನ್ನು ಸ್ವಲ್ಪ ಸ್ವಲ್ಪವೇ ಒಳಗೆ ತಂದರು, ಮೂಗಿನ ಎದುರಿಗೆ ಬರುವವರೆಗೆ. ಆಗ ಮಾಸ್ಟ್ರು ಆ ಕೈಯನ್ನು ಹಿಡಿದುಕೊಂಡರು. ಎಲ್ಲವನ್ನೂ ಹೇಳಿದರು. ಹೇಳದೆ ಇದ್ದದ್ದು ಯಾಕೆ ಎಂಬುದನ್ನೂ ಹೇಳಿದರು.

ಅಕ್ಕ ಅಳುತ್ತಾರೆ ಎಂದು ನಾನು ಕಾದೆ. ಅವರು ಅಳಲಿಲ್ಲ. “ಮೂವತ್ತೆರಡು ವರ್ಷದಲ್ಲಿ ನೀವು ನನ್ನನ್ನು ಇಷ್ಟೇ ತಿಳ್ಕೊಂಡದ್ದಾ?” ಎಂದರು. ಆಮೇಲೆ ನನ್ನ ಕಡೆ ತಿರುಗಿದರು. “ನಿನಗೆ ಗೊತ್ತಿತ್ತಾ?”

ಹೌದು ಎಂದೆ.

ಅವರು ತಲೆ ಆಡಿಸಿದರು. ಚೀಲದಿಂದ ಆರು ಊರಿನ ಕಾಗದ ತೆಗೆದು, ನಾಲ್ಕಾಗಿ ಮಡಚಿ, ಹರಿಯದೆ, ನನ್ನ ಕೈಗೆ ಕೊಟ್ಟರು. ಮೂಡುಬಿದಿರೆಗೆ ಬರುವವರೆಗೆ ನನ್ನೊಡನೆ ಒಂದು ಮಾತೂ ಆಡಲಿಲ್ಲ. ಬಸ್ಸಿನಲ್ಲಿ ಮಾಸ್ಟ್ರ ಎಡಗಡೆ ಕೂತರು. ಅದರ ನಂತರ ಅವರು ಗಂಡನ ಬಲಗಡೆ ನಡೆದದ್ದನ್ನಾಗಲಿ ಕೂತದ್ದನ್ನಾಗಲಿ ನಾನು ನೋಡಿಲ್ಲ.

ಮೂರು ವಾರ ನನಗೆ ಕರೆ ಬರಲಿಲ್ಲ. ದಂಪತಿ ಮಂಗಳೂರಿಗೆ ಹೋಗಿ ಬಂದರು ಎಂದು ಅಪ್ಪನಿಂದ ತಿಳಿಯಿತು. ಡಾಕ್ಟರನ್ನು ಅಕ್ಕ ತಾವೇ ಕಂಡು ಮಾತಾಡಿದ್ದರಂತೆ. ಯುರೋಪು ಮುಗಿಯಿತು ಎಂದೇ ನಾನು ತಿಳಿದೆ. ತಪ್ಪು ನನ್ನದೆಷ್ಟು, ಮಾಸ್ಟ್ರದೆಷ್ಟು ಎಂದು ಯೋಚಿಸುತ್ತಿದ್ದೆ. ಮಾತು ಕೊಟ್ಟದ್ದನ್ನು ಉಳಿಸಿಕೊಂಡೆ ಎಂಬ ಸಮಾಧಾನ ಬರುತ್ತಿತ್ತು. ಮಾಣಿಯ ಲಾರಿ ನೆನಪಾದ ಕೂಡಲೇ ಅದು ಹೋಗುತ್ತಿತ್ತು. ಅಕ್ಕನಿಗೆ ಮೊದಲೇ ಗೊತ್ತಿದ್ದಿದ್ದರೆ ಅವರು ಅಲ್ಲಿ ಮಾಸ್ಟ್ರ ಕೈ ಹಿಡಿದೇ ಇರುತ್ತಿದ್ದರು.

ಫೆಬ್ರವರಿಯ ಒಂದು ಮಧ್ಯಾಹ್ನ ಅಕ್ಕ ಹೇಳಿಕಳಿಸಿದರು. ಹೋದರೆ ಜಗಲಿಯಲ್ಲಿ ಮಣೆ ಹಾಕಿತ್ತು, ಮಣೆಯ ಮುಂದೆ ಸ್ಲೇಟು ಇತ್ತು. ಮಾಸ್ಟ್ರು ಒಳಗೆ ಮಲಗಿದ್ದರು.

“ನನಗೆ ಇಂಗ್ಲಿಷ್ ಅಕ್ಷರ ಕಲಿಸು,” ಎಂದರು. “ಸ್ಟೇಶನ್ನಿನ ಬೋರ್ಡು ಓದ್ಲಿಕ್ಕೆ ಬಂದರೆ ಸಾಕು. ನಾವು ಹೋಗ್ತೇವೆ.”

ಐವತ್ತೆರಡು ವರ್ಷದ ಅವರು ನನ್ನ ಎದುರು ಕೂತು ಅಕ್ಷರ ತಿದ್ದಿದರು. ಪಾಠದ ಹೊರತು ಬೇರೆ ಮಾತಿಲ್ಲ. ಕಷಾಯ ಕೊಡುತ್ತಿದ್ದರು, ಜಗಲಿಯಲ್ಲೇ; ಅಡುಗೆಮನೆಗೆ ಕರೆಯುತ್ತಿರಲಿಲ್ಲ. ದೊಡ್ಡಕ್ಷರ ಒಂದು ತಿಂಗಳಲ್ಲಿ ಬಂತು. ನಂತರ ವೇಳಾಪಟ್ಟಿಯ ಪುಸ್ತಕವನ್ನೇ ಪಾಠ ಮಾಡಿಕೊಂಡೆವು. ಒಂದೊಂದು ಅಕ್ಷರ ಕೂಡಿಸಿ ಊರಿನ ಹೆಸರು ಓದುವುದು. ಒಳಗೆ ಹೋಗುವ ದಾರಿಗೆ, ಹೊರಗೆ ಬರುವ ದಾರಿಗೆ ಅಲ್ಲಿಯ ಭಾಷೆಯಲ್ಲಿ ಏನೆನ್ನುತ್ತಾರೆ ಎಂದು ಮಾರ್ಥಾ ಬರೆದು ಕಳಿಸಿದ್ದನ್ನು ಉರು ಹೊಡೆಯುವುದು. ಸಂಜೆ ಬಸ್‌ಸ್ಟ್ಯಾಂಡಿಗೆ ಬಂದು ಬಸ್ಸಿನ ಮೇಲೆ ಇಂಗ್ಲಿಷಿನಲ್ಲಿ ಬರೆದಿದ್ದ ಹೆಸರುಗಳನ್ನು ತುಟಿ ಆಡಿಸುತ್ತ ಓದಿಕೊಂಡು ನಿಲ್ಲುತ್ತಿದ್ದರು. ಕಂಡವರು ನಕ್ಕರೆ ಅಪ್ಪ ಅವರನ್ನು ಗದರಿಸುತ್ತಿದ್ದರು.

ಯೋಜನೆ ಈಗ ಅಕ್ಕನ ಕೈಗೆ ಬಂದಿತ್ತು. ಎರಡೇ ಊರು ಎಂಬುದು ಹಾಗೆಯೇ ಉಳಿಯಿತು. ಆದರೆ ಮಾಸ್ಟ್ರು ಹಾಕಿದ್ದ ವೇಗದ ರೈಲುಗಳನ್ನೆಲ್ಲ ಅವರು ತೆಗೆಸಿದರು. ಎಲ್ಲ ಕಡೆ ನಿಲ್ಲುವ ರೈಲು ಬೇಕು, ರೈಲು ಬದಲಿಸುವ ಕಡೆ ಎರಡು ಗಂಟೆಯಾದರೂ ಇರಬೇಕು, ಬಿಸಿಲು ಕಣ್ಣಿಗೆ ಎದುರಾಗದ ಹೊತ್ತಿನ ಬಸ್ಸೇ ಆಗಬೇಕು. ಪ್ಯಾರಿಸಿನ ಮಾತು ಎತ್ತಲಿಲ್ಲ. ಒಮ್ಮೆ ನಾನೇ ಧೈರ್ಯ ಮಾಡಿ ಕೇಳಿದೆ. “ಅವರಿಗೆ ಅಲ್ಲಿ ಎಂತ ಕಾಣ್ತದೆ? ಬರೀ ಜನರ ಬೆನ್ನು,” ಎಂದು ಸ್ಲೇಟು ಒರಸಿದರು.

ಮೇ ತಿಂಗಳಲ್ಲಿ ಅವರು ಹೊರಟರು. ಮೊದಲ ಬಸ್ಸಿನ ಮುಂದಿನ ಸೀಟನ್ನು ಅಪ್ಪ ಕಾದಿರಿಸಿದ್ದರು. ಹುಬ್ಬಳ್ಳಿಯವರೆಗೆ ಬಸ್ಸು, ಅಲ್ಲಿಂದ ರೈಲಿನಲ್ಲಿ ಪುಣೆ ದಾಟಿ ಬೊಂಬಾಯಿ, ಬೊಂಬಾಯಿಯಿಂದ ಹಡಗು. ಅಕ್ಕನ ಚೀಲದಲ್ಲಿ ಅವಲಕ್ಕಿ, ಹಪ್ಪಳ, ಮಿಡಿ ಉಪ್ಪಿನಕಾಯಿ. ಮಾಸ್ಟ್ರು ನನ್ನ ತಲೆಯ ಮೇಲೆ ಕೈಯಿಟ್ಟರು. ಅಕ್ಕ, ಮಳೆ ಬಂದ ಮೇಲೆ ಒಮ್ಮೆ ಮನೆಯ ಮಾಡು ನೋಡಿ ಬಾ ಎಂದು ಮಾತ್ರ ಹೇಳಿದರು. ಬೀಗದ ಕೈಯನ್ನು ನನಗೇ ಕೊಟ್ಟಿದ್ದರು.

ಜುಲೈ ತಿಂಗಳ ಜಡಿಮಳೆಯಲ್ಲಿ ಒಂದು ಕಾಗದ ಬಂತು. ಮಾಸ್ಟ್ರ ಕೈಬರಹವಲ್ಲ. ದೊಡ್ಡ ದೊಡ್ಡ ಕನ್ನಡ ಅಕ್ಷರ, ಶಾಲೆ ಬಿಟ್ಟ ಮೇಲೆ ಅಕ್ಕ ಬರೆದ ಮೊದಲ ಕಾಗದ ಇರಬೇಕು.

“ನಾವು ಕ್ಷೇಮ. ಬಟಾಟೆ ಇಲ್ಲದೆ ಬದುಕಿದ್ದೇವೆ. ಇಲ್ಲಿ ಬಸ್ಸು ನಿಲ್ಲುವಲ್ಲಿ ಒಂದು ಮರದ ಬೆಂಚು ಉಂಟು. ದಿನಾ ಬೆಳಿಗ್ಗೆ ಅಲ್ಲಿ ಕೂರುತ್ತೇವೆ. ಮೊದಲ ದಿನ ಬಸ್ಸಿನವನು ನಮ್ಮನ್ನು ಕಂಡು ನಿಲ್ಲಿಸಿದ, ಬರುವುದಿಲ್ಲ ಎಂದು ಕೈ ಮಾಡಿದೆವು. ಈಗ ನಿಲ್ಲಿಸುವುದಿಲ್ಲ, ಕೈ ಬೀಸಿ ಹೋಗುತ್ತಾನೆ. ಎದುರಿಗೆ ಬೆಟ್ಟ. ಇವರು ಒಂದು ತಟ್ಟೆಯಷ್ಟು ನೋಡುತ್ತಾರೆ, ಆದ ಮೇಲೆ ಮುಂದೆ ಎಲ್ಲಿ ನೋಡಬೇಕು ಎಂದು ನಾನು ಹೇಳುತ್ತೇನೆ. ಎಡದ ತುದಿಯಿಂದ ಶುರು ಮಾಡಿದ್ದು. ಹನ್ನೊಂದು ದಿನ ಆಯಿತು. ಇವತ್ತು ಬೆಟ್ಟ ಮುಗಿಯಿತು. ನಾಳೆಯಿಂದ ಸರೋವರ. ನಾನು ಒಬ್ಬಳೇ ಆಗಿದ್ದರೆ ಈ ಬೆಟ್ಟವನ್ನು ಒಂದು ನಿಮಿಷ ನೋಡಿ ಬಿಡುತ್ತಿದ್ದೆ. ನೀನು ನನಗೆ ಹೇಳದೆ ಇದ್ದದ್ದು ಮನಸ್ಸಿನಲ್ಲಿ ಇನ್ನೂ ಉಂಟು. ಸುಳ್ಳು ಬರೆಯುವುದಿಲ್ಲ. ಬೋರ್ಡು ಎಲ್ಲ ಓದಲು ಬರುತ್ತದೆ. ಎಲ್ಲಿಯೂ ದಾರಿ ತಪ್ಪಲಿಲ್ಲ.”

ಅದನ್ನು ನಾನು ಅವರ ಮನೆಯ ಜಗಲಿಯಲ್ಲೇ ಕೂತು ಓದಿದೆ. ಮಾಡು ಎರಡು ಕಡೆ ಸೋರುತ್ತಿತ್ತು, ಪಾತ್ರೆ ಇಟ್ಟಿದ್ದೆ.

ಅವರು ಮರಳಿ ಬಂದದ್ದು ಮಳೆ ಬಿಡುವ ಹೊತ್ತಿಗೆ. ಆ ವರ್ಷದ ಕೊನೆಗೆ ನನಗೆ ಬೆಳ್ತಂಗಡಿಯ ಸರಕಾರಿ ಕಚೇರಿಯೊಂದರಲ್ಲಿ ಕೆಲಸ ಸಿಕ್ಕಿತು. ಮಾಸ್ಟ್ರ ಕಣ್ಣಿನ ತಟ್ಟೆ ಲೋಟದ ಬಾಯಿಯಷ್ಟಾಯಿತು, ನಂತರ ನಾಣ್ಯದಷ್ಟಾಯಿತು, ಇನ್ನೆರಡು ಮಳೆಗಾಲ ಕಳೆಯುವಷ್ಟರಲ್ಲಿ ಪೂರ್ತಿ ಮುಚ್ಚಿತು. ಅದರ ನಂತರವೂ ಅವರು ಹತ್ತು ಹನ್ನೆರಡು ವರ್ಷ ಬದುಕಿದರು.

ಮುಚ್ಚಿದ ವರ್ಷದ ಒಂದು ಭಾನುವಾರ ಬೆಳ್ತಂಗಡಿಯಿಂದ ಬಂದವಳು ಅವರನ್ನು ನೋಡಲು ಹೋದೆ. ಹೇಗೆ ಮಾತಾಡಿಸುವುದು ಎಂಬ ಅಳುಕಿತ್ತು. ಅಂಗಳಕ್ಕೆ ಬರುವಾಗಲೇ ಜಗಲಿಯಿಂದ ಇಬ್ಬರೂ ವಾದ ಮಾಡುವುದು ಕೇಳಿಸಿತು. ಬೆಟ್ಟದ ಬಲತುದಿಯಿಂದ ಎರಡನೆಯ ಶಿಖರದ ಸಂದಿನಲ್ಲಿ ಹಿಮ ಇತ್ತೇ ಇಲ್ಲವೇ ಎಂಬುದು ಜಗಳ. ಇತ್ತು, ಎಂಟನೆಯ ದಿನ ನೋಡಿದ್ದು ಸ್ಪಷ್ಟ ನೆನಪುಂಟು ಎಂದು ಮಾಸ್ಟ್ರು. ಅದು ಹಿಮವಲ್ಲ, ಬಿಳಿ ಕಲ್ಲು, ನಾನಲ್ಲವೇ ಹೇಳಿದ್ದು ಎಂದು ಅಕ್ಕ. ನನ್ನ ಚಪ್ಪಲಿಯ ಸದ್ದು ಗುರುತು ಹಿಡಿದ ಮಾಸ್ಟ್ರು, ನಾನು ಆ ಬೆಟ್ಟವನ್ನು ಕಂಡೇ ಇಲ್ಲ ಎಂಬುದನ್ನು ಮರೆತು, “ವಾರಿಜ ಬಂದಳಲ್ಲ, ಅವಳೇ ಹೇಳಲಿ,” ಎಂದರು.

“ಅವಳ ಹತ್ರ ಕೇಳುದು ಬೇಡ,” ಎಂದರು ಅಕ್ಕ. “ಅವಳು ಮೊದಲಿಂದ್ಲೂ ನಿಮ್ಮ ಪಕ್ಷ.”

ಮಾಣಿಯ ಆ ದಿನದ ನಂತರ ಆ ವಿಷಯ ಅವರ ಬಾಯಿಂದ ಬಂದದ್ದು ಅದೇ ಮೊದಲು. ಹೇಳಿ, ಒಂದು ಕ್ಷಣ ನನ್ನ ಮುಖ ನೋಡಿ, ನಕ್ಕುಬಿಟ್ಟರು. ನಾನು ಮೆಟ್ಟಲಿನ ಮೇಲೆ ಹಾಗೆಯೇ ನಿಂತಿದ್ದೆ. “ಎಂತ ನಿಂತದ್ದು?” ಎಂದು ಅವರು ಎದ್ದರು. “ಒಳಗೆ ಬಾ, ಕಷಾಯ ಮಾಡ್ತೇನೆ,” ಎಂದು ಅಡುಗೆಮನೆಯ ಕಡೆ ನಡೆದರು.